ಸಂದೇಶ ತಾನಾಗಿ ಹೋಗುತ್ತಿದೆ, ವ್ಯಾಪಾರ ಅದರಿಂದಲೇ ಆಗುತ್ತಿದೆಯೇ? ಮಾರ್ಕೆಟಿಂಗ್ ಜರ್ನಿಗಳನ್ನು ತಿದ್ದುವ, ಅಳೆಯುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ. ಮೈಸೂರಿನ ಒಂದು ರೇಷ್ಮೆ ಸೀರೆ ಅಂಗಡಿಗೆ ನಾನು ಮಾರ್ಕೆಟಿಂಗ್ ಸಾಫ್ಟ್‌ವೇರ್ ಕೂರಿಸಿಕೊಟ್ಟು ತಿಂಗಳಾಗಿತ್ತು. ಬೆಳಿಗ್ಗೆ ಅಂಗಡಿಗೆ ಒಬ್ಬ ಹಿರಿಯ ಗಿರಾಕಿ ಫೋನ್ ಮಾಡಿದರು. "ಏನಪ್ಪಾ, ನೀವು ಆರಿಸಿದ ಸೀರೆ ಇನ್ನೂ ನಿಮಗಾಗಿ ಕಾಯ್ತಿದೆ ಅಂತ ಮೆಸೇಜ್ ಬಂದಿದೆ. ಅದನ್ನ ಉಟ್ಕೊಂಡೇ ನಿನ್ನೆ ಪೂಜೆ ಮಾಡಿದ್ದು ನಾನು. ಇನ್ನೊಂದು ಕಾಯ್ತಾ ಇದೆಯಾ?"

ಅವರು ವೆಬ್‌ಸೈಟಿನಲ್ಲಿ ಸೀರೆ ನೋಡಿ ಕಾರ್ಟಿಗೆ ಹಾಕಿದ್ದರು. ಆಮೇಲೆ ಮುಟ್ಟಿ ನೋಡದೆ ರೇಷ್ಮೆ ತಗೊಳ್ಳೋದು ಹೇಗೆ ಅಂತ ಅಂಗಡಿಗೇ ಬಂದು, ಅದೇ ಸೀರೆ ಕೊಂಡು ಹೋಗಿದ್ದರು. ಕೌಂಟರಿನ ಬಿಲ್ಲಿಂಗ್ ಕಂಪ್ಯೂಟರಿಗೂ ವೆಬ್‌ಸೈಟಿಗೂ ಮಾತುಕತೆ ಇರಲಿಲ್ಲ. ತಪ್ಪು ನನ್ನದು. ಹೋಗಬಾರದ ಸಂದೇಶ ಹೋಯಿತು ಅನ್ನೋದು ಅದರ ಅರ್ಧ ಭಾಗ ಮಾತ್ರ. ಸಂದೇಶ ಮೊದಲೇ ಹೋಗಿ, ಅವರು ಲಿಂಕ್ ಒತ್ತಿ, ಹೇಗಿದ್ದರೂ ಕೊಳ್ಳಬೇಕೆಂದಿದ್ದ ಸೀರೆಯನ್ನು ವೆಬ್‌ಸೈಟಿನಲ್ಲೇ ಕೊಂಡಿದ್ದರೆ ಏನಾಗುತ್ತಿತ್ತು? ಸಾಫ್ಟ್‌ವೇರ್ ಆ ವ್ಯಾಪಾರವನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತಿತ್ತು, ನಾನು ಮಾಲೀಕರ ಮುಂದೆ ಎದೆಯುಬ್ಬಿಸಿ ವರದಿ ಇಡುತ್ತಿದ್ದೆ. ಈ ಎರಡನೇ ತಪ್ಪಿನ ಬಗ್ಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಗಿರಾಕಿ ಏನೋ ಮಾಡಿದಾಗ (ಕಾರ್ಟಿಗೆ ಹಾಕಿದಾಗ, ಮೊದಲ ಸಲ ಕೊಂಡಾಗ, ಮೂರು ತಿಂಗಳು ಸುಳಿಯದಿದ್ದಾಗ) ಶುರುವಾಗಿ, ಇಷ್ಟು ಹೊತ್ತು ಕಾದು, ಇಂಥ ಸಂದೇಶ ಕಳಿಸಿ, ಉತ್ತರ ನೋಡಿ ದಾರಿ ಬದಲಿಸುವ ಸರಪಳಿಗೆ ಜರ್ನಿ ಎನ್ನುತ್ತಾರೆ. ಹಬ್‌ಸ್ಪಾಟ್ ಎಂಬ ಮಾರ್ಕೆಟಿಂಗ್ ಸಾಫ್ಟ್‌ವೇರಿನಲ್ಲಿ ಅದು ವರ್ಕ್‌ಫ್ಲೋ, ಮೋಎಂಗೇಜ್‌ನಲ್ಲಿ ಫ್ಲೋ, ಸೇಲ್ಸ್‌ಫೋರ್ಸ್‌ನಲ್ಲಿ ಜರ್ನಿ ಬಿಲ್ಡರ್. ಹೆಸರು ಬೇರೆ, ಒಳಗಿನ ಯಂತ್ರ ಒಂದೇ. ಕಟ್ಟುವುದು ಹೇಗೆಂದು ಆಯಾ ಕಂಪನಿಯ ವಿಡಿಯೊಗಳೇ ಹೇಳುತ್ತವೆ. ಕಟ್ಟಿ ಓಡುತ್ತಿರುವುದನ್ನು ಸರಿಮಾಡುವುದು, ಅದರಿಂದ ಎಷ್ಟು ಲಾಭವಾಯಿತೆಂದು ಪ್ರಾಮಾಣಿಕವಾಗಿ ಎಣಿಸುವುದು ಇಲ್ಲಿನ ವಿಷಯ.

ಹಂತ 1: ಜರ್ನಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಸಾಫ್ಟ್‌ವೇರ್ ಮುಚ್ಚಿ, ಒಂದು ಹಾಳೆ ತೆಗೆದುಕೊಳ್ಳಿ. ಯಾರಿಗೆ, ಯಾವಾಗ ಶುರು, ಅವರು ಏನು ಮಾಡಿದರೆ ಗೆದ್ದಂತೆ, ಎಷ್ಟು ದಿನದೊಳಗೆ, ಯಾವಾಗ ಹೊರಗೆ. ಸೀರೆ ಅಂಗಡಿಯದನ್ನು ನಾವು ಹೀಗೆ ಬರೆದೆವು: "ಕಾರ್ಟಿಗೆ ಸೀರೆ ಹಾಕಿ 4 ಗಂಟೆಯೊಳಗೆ ಹಣ ಕಟ್ಟದವರಿಗೆ ಶುರು, 14 ದಿನದೊಳಗೆ ವೆಬ್‌ಸೈಟಿನಲ್ಲಾಗಲಿ ಅಂಗಡಿಯಲ್ಲಾಗಲಿ ಕೊಂಡರೆ ಗೆದ್ದಂತೆ, ಕೊಂಡ ಕ್ಷಣ ಹೊರಗೆ."

ಮಾಲೀಕರನ್ನು ಕೇಳಿದರೆ "ಗಿರಾಕಿಗಳಿಗೆ ನಮ್ಮ ನೆನಪಿರಬೇಕು ಕಣ್ರೀ, ಅಷ್ಟೇ" ಎನ್ನುತ್ತಾರೆ. ಒಳ್ಳೆಯ ಆಸೆಯೇ. ಆದರೆ ಎಣಿಸಲು ಬಾರದು. ವಾಕ್ಯ ಬರೆಯಲಾಗದ ಜರ್ನಿಗಳನ್ನು ಆವತ್ತೇ ನಿಲ್ಲಿಸಿ. ನಾನು ನೋಡಿದ ಖಾತೆಗಳಲ್ಲೆಲ್ಲ ಯಾರು ಕಟ್ಟಿದ್ದೆಂದು ಯಾರಿಗೂ ನೆನಪಿಲ್ಲದ ಒಂದೆರಡು ಜರ್ನಿಗಳು ಓಡುತ್ತಲೇ ಇರುತ್ತವೆ.

ಹಂತ 2: ಹೊರಬಾಗಿಲು ಸರಿಮಾಡಿ

ಸುಧಾರಣೆ ಎಂದರೆ ಹೊಸ ಸಂದೇಶ ಸೇರಿಸುವುದು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮೊದಲ ತಿಂಗಳ ಲಾಭವೆಲ್ಲ ಬರುವುದು ಹೋಗಬಾರದವರಿಗೆ ಹೋಗುವುದನ್ನು ತಡೆಯುವುದರಿಂದ. ಪ್ರತಿ ಸಂದೇಶ ಹೊರಡುವ ಮುಂಚೆ "ಈಗಾಗಲೇ ಕೊಂಡಿದ್ದಾರಾ?" ಎಂಬ ಪರೀಕ್ಷೆ ಇರಬೇಕು. ಜರ್ನಿಯ ಆರಂಭದಲ್ಲಿ ಒಮ್ಮೆ ಇದ್ದರೆ ಸಾಲದು, ನಡುವೆ ಕಾಯುವ ದಿನಗಳಲ್ಲೇ ಅವರು ಕೊಂಡಿರುತ್ತಾರೆ.

ಆ ಪರೀಕ್ಷೆ ಕೆಲಸ ಮಾಡಬೇಕಾದರೆ ಅಂಗಡಿಯ ಬಿಲ್ಲು ಸಾಫ್ಟ್‌ವೇರಿಗೆ ತಲುಪಬೇಕು. ನೇರ ಜೋಡಣೆ ಸಾಧ್ಯವಾಗದಿದ್ದರೆ, ದಿನಾ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಆ ದಿನದ ಬಿಲ್ಲುಗಳ ಎಕ್ಸೆಲ್ ಶೀಟ್ ಅಪ್‌ಲೋಡ್ ಮಾಡುವ ಪದ್ಧತಿಯೂ ಸಾಕು. ತೊಡಕು ಫೋನ್ ನಂಬರಿನಲ್ಲಿದೆ. ಒಂದು ಕಡೆ ಹತ್ತು ಅಂಕಿ, ಇನ್ನೊಂದು ಕಡೆ ಮುಂದೆ ಸೊನ್ನೆ, ಮತ್ತೊಂದು ಕಡೆ +91. ಮೂರನ್ನೂ ಒಂದೇ ರೂಪಕ್ಕೆ ತರದಿದ್ದರೆ ಒಬ್ಬರೇ ಗಿರಾಕಿ ಮೂವರಾಗುತ್ತಾರೆ. ಅದಕ್ಕಿಂತ ದೊಡ್ಡದು ಮನೆಯ ಸಮಸ್ಯೆ: ವೆಬ್‌ಸೈಟಿನಲ್ಲಿ ಹೆಂಡತಿಯ ನಂಬರು, ಬಿಲ್ಲಿನಲ್ಲಿ ಹಣ ಕೊಟ್ಟ ಗಂಡನ ನಂಬರು. ಇದಕ್ಕೆ ತಂತ್ರಜ್ಞಾನದಲ್ಲಿ ಔಷಧಿ ಇಲ್ಲ. ಕೌಂಟರಿನ ಹುಡುಗರಿಗೆ "ಮೇಡಂ, ಆನ್‌ಲೈನಲ್ಲಿ ನೋಡಿದ್ರಾ? ಆ ನಂಬರೇ ಹೇಳಿ" ಎಂದು ಕೇಳುವುದನ್ನು ಕಲಿಸಿದೆವು. ಆ ಒಂದು ಪ್ರಶ್ನೆ ನಾನು ಬರೆದ ಎಲ್ಲ ನಿಯಮಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಇನ್ನೊಂದು ಹೊರಬಾಗಿಲು ಉತ್ತರ. ಗಿರಾಕಿ ವಾಟ್ಸಾಪ್‌ನಲ್ಲಿ "ಇದೇ ಸೀರೆ ಹಸಿರು ಬಾರ್ಡರಲ್ಲಿ ಇದೆಯಾ?" ಎಂದು ಕೇಳಿದರೆ ಜರ್ನಿ ಅಲ್ಲೇ ನಿಲ್ಲಬೇಕು, ಮನುಷ್ಯರು ಮಾತಾಡಬೇಕು. ಗಿರಾಕಿ ಬರೆದ ಮೇಲೆ 24 ಗಂಟೆ ಟೆಂಪ್ಲೇಟಿನ (ಮೊದಲೇ ಮಂಜೂರಾದ ಒಕ್ಕಣೆಯ) ಹಂಗಿಲ್ಲದೆ ಬರೆಯಲು ವಾಟ್ಸಾಪ್ ಬಿಡುತ್ತದೆ, ಆ ಹೊತ್ತನ್ನು ಬಳಸಿಕೊಳ್ಳಿ. ಕೇಳಿದ್ದಕ್ಕೆ ಉತ್ತರವಿಲ್ಲ, ಮಾರನೇ ದಿನ ಬೆಳಿಗ್ಗೆ ಕೂಪನ್ ಬಂತು ಎಂದರೆ ಅಂಗಡಿಯಲ್ಲಿ ಯಾರೂ ಇಲ್ಲ ಎಂದು ಸಾರಿದಂತೆ.

ಹಂತ 3: ನೀವೇ ಗಿರಾಕಿಯಾಗಿ ನೋಡಿ

ನಾಲ್ಕೈದು ಜನರ ನಂಬರು ಹಾಕಿ ಇಡೀ ಜರ್ನಿಯನ್ನು ಓಡಿಸಿ, ಕಾಯುವ ದಿನಗಳನ್ನು ನಿಮಿಷಗಳಿಗೆ ಇಳಿಸಿ. ನಮ್ಮ ಕಡೆಯ ಇನಿಶಿಯಲ್ ಹೆಸರುಗಳಲ್ಲಿ ಸಾಫ್ಟ್‌ವೇರ್ ಎಡವುತ್ತದೆ. "ಎಂ. ಶಾರದಮ್ಮ" ಎಂದಿದ್ದರೆ ಮೊದಲ ಹೆಸರು "ಎಂ" ಎಂದು ತಿಳಿದು "ನಮಸ್ಕಾರ ಎಂ ಅವರೇ" ಎಂದು ಕಳಿಸುತ್ತದೆ. ಹೆಸರಿನ ಜಾಗ ಖಾಲಿಯಿದ್ದರೆ "ನಮಸ್ಕಾರ ಅವರೇ". ಹೆಸರು ಮೂರು ಅಕ್ಷರಕ್ಕಿಂತ ಚಿಕ್ಕದಾಗಿದ್ದರೆ ಬರೀ "ನಮಸ್ಕಾರ" ಎಂದು ಹೋಗುವಂತೆ ಶರತ್ತು ಹಾಕಿ.

ಎಸ್ಸೆಮ್ಮೆಸ್ ಕನ್ನಡದಲ್ಲಿ ಕಳಿಸುವವರು ಉದ್ದ ಎಣಿಸಿಕೊಳ್ಳಿ. ಇಂಗ್ಲಿಷ್ ಅಕ್ಷರಗಳಿಗೆ ಒಂದು ಸಂದೇಶದಲ್ಲಿ 160 ಜಾಗ, ಕನ್ನಡಕ್ಕೆ 70 ಮಾತ್ರ. ಉದ್ದವಾಗಿ ತುಂಡಾದರೆ ತುಂಡಿಗೆ 67. ಕಾಗುಣಿತದ ಗುರುತುಗಳೂ ಎಣಿಕೆಗೆ ಬರುತ್ತವೆ. "ಮೈಸೂರು" ಕಣ್ಣಿಗೆ ಮೂರು ಅಕ್ಷರ, ಎಸ್ಸೆಮ್ಮೆಸ್ ಲೆಕ್ಕಕ್ಕೆ ಆರು. 150 ಎಣಿಕೆಯ ಕನ್ನಡ ಸಂದೇಶಕ್ಕೆ ಮೂರು ಸಂದೇಶದ ದುಡ್ಡು ಹೋಗುತ್ತದೆ. ಹಾಗೆಂದು ಇಂಗ್ಲಿಷಿಗೆ ಓಡಬೇಡಿ, ಮಾತು ಚಿಕ್ಕದು ಮಾಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಎಸ್ಸೆಮ್ಮೆಸ್ ಟೆಂಪ್ಲೇಟುಗಳನ್ನು ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕಾದ್ದರಿಂದ, ಎರಡು ಒಕ್ಕಣೆ ಹೋಲಿಸಿ ನೋಡಬೇಕೆಂದರೆ ಎರಡನ್ನೂ ಮುಂಚಿತವಾಗಿ ಮಂಜೂರು ಮಾಡಿಸಿಕೊಳ್ಳಬೇಕು.

ಹಂತ 4: ಎಷ್ಟು ದಿನ ಕಾಯಬೇಕು ಎಂಬುದನ್ನು ಬಿಲ್ಲುಗಳನ್ನೇ ಕೇಳಿ

ಮಂಡ್ಯ ಕಡೆಯ ಒಬ್ಬ ಬೆಲ್ಲದ ವ್ಯಾಪಾರಿಗೆ "ಬೆಲ್ಲ ಮುಗಿಯಿತಾ?" ಎಂಬ ಜರ್ನಿ ಕಟ್ಟಬೇಕಿತ್ತು. ಅವರ ಗಿರಾಕಿಗಳೆಲ್ಲ ಬೆಂಗಳೂರಿನವರು. ಮಂಡ್ಯದವರಿಗೆ ಬೆಲ್ಲ ಮಾರೋದು ಎಲ್ಲಿಯ ಮಾತು, ಎಲ್ಲರಿಗೂ ಒಬ್ಬ ಆಲೆಮನೆ ನೆಂಟ ಇದ್ದೇ ಇರುತ್ತಾನೆ. ತಿಂಗಳಿಗೊಮ್ಮೆ ಕಳಿಸೋಣ ಎಂದರು. ತಿಂಗಳೇ ಯಾಕೆ?

ಒಬ್ಬೊಬ್ಬ ಗಿರಾಕಿಯ ಒಂದು ಆರ್ಡರಿಗೂ ಮುಂದಿನದಕ್ಕೂ ನಡುವಿನ ದಿನಗಳನ್ನು ತೆಗೆದು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಲೆಕ್ಕಕ್ಕೆಂದು ಒಂಬತ್ತು ಮನೆ ಇಟ್ಟುಕೊಳ್ಳೋಣ: 18, 21, 24, 26, 29, 33, 41, 60, 95. ಸರಾಸರಿ ತೆಗೆದರೆ ಸುಮಾರು 39 ದಿನ. ಆದರೆ 39ನೇ ದಿನದ ಹೊತ್ತಿಗೆ ಒಂಬತ್ತರಲ್ಲಿ ಆರು ಮನೆಯವರು ಆಗಲೇ ಕೊಂಡಾಗಿದೆ. ಕೊನೆಯ ಎರಡು ಮನೆಗಳು ಸರಾಸರಿಯನ್ನು ಎಳೆದುಕೊಂಡು ಹೋಗಿವೆ. ಸಾಲಿನ ನಟ್ಟನಡುವಿನ ಸಂಖ್ಯೆ 29, ನಂಬಬೇಕಾದ್ದು ಅದನ್ನು. ಡಬ್ಬದ ತಳ ಕಾಣುವ ಹೊತ್ತಿಗೆ, ಅಂದರೆ 23 ಅಥವಾ 24ನೇ ದಿನ, ಸಂದೇಶ ತಲುಪಿದರೆ ಪಕ್ಕದ ಅಂಗಡಿಯಿಂದ ತರುವ ಮುಂಚೆ ನಿಮ್ಮ ನೆನಪಾಗುತ್ತದೆ. ಒಂದು ಕೆಜಿ ಕೊಂಡವರ ಸಾಲು, ಐದು ಕೆಜಿ ಕೊಂಡವರ ಸಾಲು ಬೇರೆ ಬೇರೆ ಮಾಡಿ. ಸಂಕ್ರಾಂತಿಗೆ, ಯುಗಾದಿಗೆ ಮುಂಚಿನ ವಾರಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಆಗ ಜರ್ನಿಯನ್ನು ಬದಿಗಿಟ್ಟು ಹಬ್ಬದ ಸಂದೇಶ ಒಂದನ್ನೇ ಕಳಿಸಿ.

ಹಂತ 5: ಕಳಿಸದೇ ಬಿಟ್ಟವರ ಗುಂಪು

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ಸಾಫ್ಟ್‌ವೇರಿನ ವರದಿ "ಈ ಜರ್ನಿಯಿಂದ 140 ಆರ್ಡರ್" ಎನ್ನುತ್ತದೆ. ಅದರರ್ಥ ಸಂದೇಶ ಹೋದವರಲ್ಲಿ 140 ಜನ ಕೊಂಡರು ಎಂದಷ್ಟೇ. ಸಂದೇಶ ಹೋಗದಿದ್ದರೂ ಎಷ್ಟು ಜನ ಕೊಳ್ಳುತ್ತಿದ್ದರು ಎಂಬುದು ಅದರಲ್ಲಿಲ್ಲ.

ಮುಂಚೆ-ಆಮೇಲೆ ಹೋಲಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತಾರೆ. ನಮ್ಮ ಊರಿನಲ್ಲಂತೂ ಗೊತ್ತಾಗುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಶ್ರಾವಣ ಬಂದರೆ ವರಮಹಾಲಕ್ಷ್ಮಿ. ಆಷಾಢದ ಕೊನೆಗೆ ಜರ್ನಿ ಶುರುಮಾಡಿದ ಯಾರೇ ಆಗಲಿ ಶ್ರಾವಣದಲ್ಲಿ ಜಾಣರಾಗುತ್ತಾರೆ. ಕಳೆದ ವರ್ಷದ ಅದೇ ತಿಂಗಳ ಜೊತೆ ಹೋಲಿಸೋಣವೇ? ವಿಜಯದಶಮಿ 2023ರಲ್ಲಿ ಅಕ್ಟೋಬರ್ 24, 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. 2025ರಲ್ಲಿ ನವರಾತ್ರಿ ಸೆಪ್ಟೆಂಬರ್ 22ಕ್ಕೇ ಶುರುವಾಯಿತು; 2024ರ ಸೆಪ್ಟೆಂಬರಿನ ಕೊನೆಯ ದಿನಗಳು ಪಿತೃಪಕ್ಷದಲ್ಲಿದ್ದವು, ಆಗ ಹೊಸ ಬಟ್ಟೆಗೆ ಕೈಹಾಕುವವರು ಕಡಿಮೆ. ಆ ಎರಡು ಸೆಪ್ಟೆಂಬರ್‌ಗಳನ್ನು ಅಕ್ಕಪಕ್ಕ ಇಟ್ಟು "ಬೆಳವಣಿಗೆ" ಎಂದರೆ ಪಂಚಾಂಗದ ಕೆಲಸಕ್ಕೆ ನಾವು ಸಂಬಳ ತೆಗೆದುಕೊಂಡಂತೆ.

ಆದ್ದರಿಂದ ಅದೇ ದಿನ, ಅದೇ ಕಾರಣಕ್ಕೆ ಜರ್ನಿಯೊಳಗೆ ಬಂದವರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ. ಒಂದು ಪಾಲಿಗೆ ಕಳಿಸಿ, ಇನ್ನೊಂದಕ್ಕೆ ಕಳಿಸಬೇಡಿ. ಹಲವು ಸಾಫ್ಟ್‌ವೇರುಗಳಲ್ಲಿ ಇದಕ್ಕೆ ಕಂಟ್ರೋಲ್ ಗ್ರೂಪ್ ಎಂಬ ಸೌಲಭ್ಯವಿದೆ. ಇಲ್ಲದಿದ್ದರೆ ಗಿರಾಕಿ ಸಂಖ್ಯೆಯ ಕೊನೆಯ ಅಂಕಿ ಸರಿಯೋ ಬೆಸವೋ ನೋಡಿ ಪಾಲು ಮಾಡಿ. ಒಮ್ಮೆ ಒಂದು ಪಾಲಿಗೆ ಬಿದ್ದವರು ಪ್ರಯೋಗ ಮುಗಿಯುವ ತನಕ ಅದರಲ್ಲೇ ಇರಬೇಕು.

ಎಷ್ಟು ಜನರನ್ನು ಬಿಡಬೇಕು? ಶೇ 10 ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಲಕ್ಷಗಟ್ಟಲೆ ಗಿರಾಕಿಗಳಿರುವ ಕಂಪನಿಗೆ ಅದು ಸರಿ. ನಮ್ಮಂಥ ಅಂಗಡಿಗಳಿಗೆ ಅರ್ಧಕ್ಕರ್ಧವೇ ಸರಿ ಎಂದು ನಾನು ವಾದಿಸುತ್ತೇನೆ, ಚಿಕ್ಕ ಗುಂಪಿನಲ್ಲಿ ಸಂಖ್ಯೆಗಳು ಅದೃಷ್ಟಕ್ಕೇ ಕುಣಿಯುತ್ತವೆ. ಮಾಲೀಕರ ಮುಖ ಸಣ್ಣದಾಗುತ್ತದೆ. "ಅರ್ಧ ಜನಕ್ಕೆ ಕಳಿಸ್ದೇ ಇದ್ರೆ ನಷ್ಟ ಅಲ್ವೇನ್ರೀ?" ನಷ್ಟವೋ ಅಲ್ಲವೋ ಎಂಬುದನ್ನೇ ತಿಳಿಯಲು ಹೊರಟಿದ್ದೇವೆ ಸ್ವಾಮಿ. ಎರಡು ತಿಂಗಳು ಅರ್ಧಕ್ಕರ್ಧ, ಉತ್ತರ ಸಿಕ್ಕ ಮೇಲೆ ಶೇ 10ಕ್ಕೆ ಇಳಿಸೋಣ ಎಂದರೆ ಒಪ್ಪುತ್ತಾರೆ.

ಈಗ ಲೆಕ್ಕ. ಉದಾಹರಣೆಗೆ 4,000 ಜನ ಬಂದರು, 2,000 ಜನರಿಗೆ ಕಳಿಸಿದಿರಿ, 2,000 ಜನರಿಗೆ ಇಲ್ಲ. ಕಳಿಸಿದವರಲ್ಲಿ 140 ಆರ್ಡರ್, ಕಳಿಸದವರಲ್ಲಿ 110. ಜರ್ನಿಯ ಗಳಿಕೆ 140 ಅಲ್ಲ, 30. ಅದಾದರೂ ನಿಜವೇ? ಎರಡು ಪಾಲು ಸಮನಾಗಿದ್ದಾಗ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎರಡೂ ಆರ್ಡರ್ ಕೂಡಿಸಿ, 250. ಅದರ ವರ್ಗಮೂಲ ಸುಮಾರು 15.8. ಎರಡರಿಂದ ಗುಣಿಸಿ, 31.6. ನಿಮ್ಮ ವ್ಯತ್ಯಾಸ ಇದಕ್ಕಿಂತ ಹೆಚ್ಚಿದ್ದರೆ ನಂಬಬಹುದು, ಕಡಿಮೆಯಿದ್ದರೆ ಬರೀ ಅದೃಷ್ಟವೂ ಆಗಿರಬಹುದು. ನಮ್ಮದು 30. ಅಂಚಿನಲ್ಲಿದೆ, ಇನ್ನೂ ನಂಬುವಂತಿಲ್ಲ. ಇದೇ ಜನರನ್ನು ಶೇ 20 ಮಾತ್ರ ಬಿಟ್ಟು ಪಾಲು ಮಾಡಿದ್ದರೆ ಉತ್ತರ ಇನ್ನೂ ಮಸುಕಾಗಿರುತ್ತಿತ್ತು.

ಎಷ್ಟು ದಿನ ಓಡಿಸಬೇಕೆಂದು ಮೊದಲೇ ಬರೆದಿಡಿ. ದಿನಾ ಇಣುಕಿ ನೋಡಿ, ಚೆನ್ನಾಗಿ ಕಂಡ ದಿನ ನಿಲ್ಲಿಸಿದರೆ ಯಾವ ಜರ್ನಿಯನ್ನೂ ಗೆಲ್ಲಿಸಬಹುದು.

ಇನ್ನೊಂದು ಹಳ್ಳ. ಕಳಿಸಿದ ಪಾಲಿನಲ್ಲಿ ಎಲ್ಲರಿಗೂ ಸಂದೇಶ ಮುಟ್ಟುವುದಿಲ್ಲ. ಒಬ್ಬರಿಗೆ ಬರುವ ಜಾಹೀರಾತು ಸಂದೇಶಗಳಿಗೆ ವಾಟ್ಸಾಪ್ ತಾನೇ ಮಿತಿ ಹಾಕುತ್ತದೆ, ಕೆಲವರ ಫೋನ್ ಬಂದ್ ಇರುತ್ತದೆ. ಮುಟ್ಟಿದವರನ್ನಷ್ಟೇ ಆರಿಸಿ ಎಣಿಸುವ ಆಸೆ ಬರುತ್ತದೆ, ಎಣಿಸಬೇಡಿ. ಕಳಿಸದ ಪಾಲಿನಲ್ಲೂ ಫೋನ್ ಬಂದ್ ಇರುವವರು ಇದ್ದಾರೆ, ಅವರನ್ನು ನೀವು ಆರಿಸಿ ತೆಗೆದಿಲ್ಲ. ಪಾಲಿಗೆ ಬಿದ್ದವರೆಲ್ಲರನ್ನೂ ಎರಡೂ ಕಡೆ ಎಣಿಸಿ. ಅಂಗಡಿ ಬಿಲ್ಲುಗಳೂ ಎರಡೂ ಕಡೆ ಸೇರಬೇಕು. ಹಂತ 2ರ ಕೆಲಸ ಮಾಡದವರು ಇಲ್ಲಿ ಮುಂದೆ ಹೋಗುವಂತಿಲ್ಲ.

ಕೂಪನ್ ಇದ್ದರೆ ದುಡ್ಡಿನಲ್ಲಿ ಎಣಿಸಿ

ಮೇಲಿನ ಉದಾಹರಣೆಯ 30 ಆರ್ಡರ್ ನಿಜವೆಂದೇ ಇಟ್ಟುಕೊಳ್ಳಿ. ಒಂದು ಆರ್ಡರಿಗೆ ₹600 ಲಾಭ, ಜರ್ನಿಯಲ್ಲಿ ₹150ರ ಕೂಪನ್. ಕಳಿಸದ ಪಾಲಿನ ಲಾಭ: 110 × 600 = ₹66,000. ಕಳಿಸಿದ ಪಾಲಿನವರೆಲ್ಲ ಕೂಪನ್ ಬಳಸಿದರೆ: 140 × 450 = ₹63,000. ಮೂವತ್ತು ಆರ್ಡರ್ ಹೆಚ್ಚಾಗಿ ಮೂರು ಸಾವಿರ ಕಡಿಮೆಯಾಯಿತು, ಸಂದೇಶದ ಖರ್ಚು ಬೇರೆ. ಹೇಗಿದ್ದರೂ ಕೊಳ್ಳುತ್ತಿದ್ದ 110 ಜನರಿಗೂ ನಾವು ನೂರೈವತ್ತು ಕೊಟ್ಟೆವು.

ಈ ಲೆಕ್ಕ ಮಾಲೀಕರಿಗೆ ತಟ್ಟನೆ ಹಿಡಿಸುತ್ತದೆ. ಶೇಕಡಾವಾರು ವಿವರಿಸುತ್ತಾ ನಾನು ಬೆವರುವಾಗ ಆಕಳಿಸುತ್ತಿದ್ದವರು ಇಲ್ಲಿ ಕುರ್ಚಿ ಮುಂದೆ ಎಳೆದು ಕೂರುತ್ತಾರೆ. ಕೂಪನ್ನನ್ನು ಮೊದಲ ಸಂದೇಶದಿಂದ ತೆಗೆದು ಕೊನೆಯದಕ್ಕೆ ಹಾಕಿ, ಇಲ್ಲವೇ ಕೂಪನ್ ಬದಲು ಫಾಲ್ ಹಾಕಿ ಜಿಗ್‌ಜಾಗ್ ಹೊಲಿಸಿಕೊಡುವ ಮಾತು ಕೊಡಿ. ಕಾರ್ಟ್ ಬಿಟ್ಟರೆ ಕೂಪನ್ ಬರುತ್ತದೆ ಎಂದು ಗಿರಾಕಿ ಕಲಿತುಬಿಟ್ಟರೆ ಬೇಕೆಂದೇ ಬಿಡಲು ಶುರುಮಾಡುತ್ತಾರೆ, ಅದನ್ನು ಮರೆಸುವುದು ಕಷ್ಟ.

ಹಂತ 6: ಎಲ್ಲಿ ಸೋರುತ್ತಿದೆ ನೋಡಿ, ಒಂದೊಂದೇ ತಿದ್ದಿ

ಜರ್ನಿಯೊಳಗೆ ಬಂದವರು, ಸಂದೇಶ ಮುಟ್ಟಿದವರು, ಲಿಂಕ್ ಒತ್ತಿದವರು, ಕೊಂಡವರು. ಈ ನಾಲ್ಕು ಸಂಖ್ಯೆಗಳನ್ನು ಪ್ರತಿ ಸಂದೇಶದ ಎದುರು ಬರೆಯಿರಿ. ಮುಟ್ಟಿದವರೇ ಕಡಿಮೆಯಿದ್ದರೆ ಒಕ್ಕಣೆ ತಿದ್ದಿ ಪ್ರಯೋಜನವಿಲ್ಲ, ನಂಬರುಗಳನ್ನು ತೊಳೆಯಬೇಕು. ಒತ್ತಿದವರು ಇದ್ದಾರೆ, ಕೊಂಡವರಿಲ್ಲ ಎಂದರೆ ಆ ಲಿಂಕನ್ನು ನಿಮ್ಮ ಹಳೆಯ ಫೋನಿನಲ್ಲಿ ತೆರೆದು ನೋಡಿ. ನಮ್ಮದು ಮುಖಪುಟಕ್ಕೆ ಹೋಗುತ್ತಿತ್ತು, ಅವರು ಆರಿಸಿದ ಸೀರೆಗಲ್ಲ.

ಇಮೇಲಿನ "ತೆರೆದವರ ಪ್ರಮಾಣ"ವನ್ನು ಮರೆತುಬಿಡಿ. 2021ರ ಸೆಪ್ಟೆಂಬರಿನಲ್ಲಿ ಐಫೋನಿನ ಐಒಎಸ್ 15ರ ಜೊತೆ ಬಂದ ಗೌಪ್ಯತಾ ಸೌಲಭ್ಯದಿಂದ, ಗಿರಾಕಿ ನೋಡದಿದ್ದರೂ ಆಪಲ್‌ನ ಮೇಲ್ ಆ್ಯಪ್ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ, ಸಾಫ್ಟ್‌ವೇರ್ ಅದನ್ನು ತೆರೆದಂತೆ ಎಣಿಸುತ್ತದೆ. "ತೆರೆದಿದ್ದರೆ ಈ ದಾರಿ, ಇಲ್ಲದಿದ್ದರೆ ಆ ದಾರಿ" ಎಂಬ ಕವಲುಗಳಿದ್ದರೆ "ಒತ್ತಿದ್ದರೆ" ಎಂದು ಬದಲಿಸಿ. ಇಮೇಲ್ ಹೆಚ್ಚು ಕಳಿಸುವವರು 2024ರ ಫೆಬ್ರವರಿಯಿಂದ ಜಿಮೇಲ್ ಜಾರಿಗೆ ತಂದ ನಿಯಮಗಳನ್ನೂ ನೋಡಿಕೊಳ್ಳಿ: ದಿನಕ್ಕೆ 5,000 ದಾಟಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಇಮೇಲ್ ನಿಜವಾಗಿ ನಿಮ್ಮಿಂದಲೇ ಬಂತೆಂದು ತೋರಿಸುವ ವ್ಯವಸ್ಥೆಗಳು) ಮೂರೂ ಇರಬೇಕು, ಒಂದೇ ಒತ್ತಿಗೆ ಹೊರಹೋಗುವ ಕೊಂಡಿ ಬೇಕು, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು.

ತಿದ್ದುವಾಗ ಒಮ್ಮೆಗೆ ಒಂದೇ. ಹೊತ್ತು, ಒಕ್ಕಣೆ, ಚಿತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ದೇವರಿಗೇ ಗೊತ್ತು.

ಹಂತ 7: ಒಬ್ಬರ ಫೋನಿಗೆ ವಾರಕ್ಕೆಷ್ಟು?

ಒಂದೊಂದು ಜರ್ನಿಯೂ ತನ್ನಷ್ಟಕ್ಕೆ ಸಭ್ಯವಾಗಿರುತ್ತದೆ. ಆದರೆ ಒಬ್ಬ ಗಿರಾಕಿ ಒಂದೇ ವಾರ ಕಾರ್ಟ್ ಜರ್ನಿ, ಹುಟ್ಟುಹಬ್ಬದ ಜರ್ನಿ, ದಸರಾ ಜಾಹೀರಾತು ಮೂರರಲ್ಲೂ ಸಿಕ್ಕಿಬೀಳಬಹುದು. ಒಟ್ಟು ಖಾತೆಗೆ ಅನ್ವಯಿಸುವ ಮಿತಿ ಹಾಕಿ. ನಾನು ವಾರಕ್ಕೆ ಎರಡು ಜಾಹೀರಾತು ಸಂದೇಶಕ್ಕಿಂತ ಮೇಲೆ ಹೋಗುವುದಿಲ್ಲ. ಆರ್ಡರ್ ಹೊರಟಿತು, ತಲುಪಿತು ಎಂಬಂಥವು ಈ ಲೆಕ್ಕಕ್ಕೆ ಸೇರುವುದಿಲ್ಲ. ರಾತ್ರಿ 9ರ ಮೇಲೆ ಯಾವ ಪ್ರಚಾರವೂ ಹೊರಡದಂತೆ ಬೀಗ ಹಾಕಿ.

ಒಪ್ಪಿಗೆಯ ಮಾತು. ಬಿಲ್ಲಿಗೆಂದು ಕೊಟ್ಟ ನಂಬರು ಬಿಲ್ಲಿಗೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಹೇಳಿದ ಉದ್ದೇಶಕ್ಕೆ ಕಟ್ಟುತ್ತದೆ, ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳಲು ಆಗಬೇಕು ಎನ್ನುತ್ತದೆ. "ಬೇಡ" ಎಂದು ಕನ್ನಡದಲ್ಲಿ ಬರೆದು ಕಳಿಸಿದವರನ್ನೂ ಹೊರಬಿಡುವಂತೆ ಪದಗಳ ಪಟ್ಟಿ ಹಾಕಿ. ಸಾಫ್ಟ್‌ವೇರಿಗೆ "ಸ್ಟಾಪ್" ಒಂದೇ ಗೊತ್ತಿರುತ್ತದೆ. "ಬೇಡ", "ಬೇಡಪ್ಪ", "ಸಾಕು", "ಕಳಿಸಬೇಡಿ" ಎಲ್ಲವನ್ನೂ ನಾವು ಕಲಿಸಬೇಕಾಯಿತು.

ಹಂತ 8: ಪುಸ್ತಕ ಇಡಿ, ನಿಲ್ಲಿಸುವಾಗ ಎಚ್ಚರ

ಯಾವ ದಿನ ಏನು ಬದಲಿಸಿದಿರಿ, ಯಾಕೆ, ಆ ವಾರ ಯಾವ ಹಬ್ಬ, ಮಳೆಗೆ ಅಂಗಡಿ ಬೇಗ ಮುಚ್ಚಿತೇ, ಇವೆಲ್ಲ ಒಂದು ನೋಟ್‌ಬುಕ್ಕಿನಲ್ಲಿರಲಿ. ಆರು ತಿಂಗಳ ಮೇಲೆ ಗ್ರಾಫಿನಲ್ಲಿ ಒಂದು ಗುಡ್ಡ ಕಂಡಾಗ ಅದು ಜರ್ನಿಯದೋ ಜಂಬೂಸವಾರಿಯದೋ ಎಂದು ಹೇಳಲು ಅದೇ ಬೇಕು.

ಫಲ ಕೊಡದ ಜರ್ನಿಯನ್ನು ನಿಲ್ಲಿಸುವಾಗ ಮೊದಲು ಒಳಬರುವ ಬಾಗಿಲು ಮಾತ್ರ ಮುಚ್ಚಿ, ಒಳಗಿರುವವರು ತಮ್ಮ ದಿನ ಮುಗಿಸಿ ಹೊರಹೋಗಲಿ. ಇಡೀ ಜರ್ನಿಯನ್ನು ತಾತ್ಕಾಲಿಕವಾಗಿ ತಡೆದಿಟ್ಟು, ಎರಡು ವಾರ ಬಿಟ್ಟು ಮತ್ತೆ ಶುರು ಒತ್ತಿದರೆ, ಕೆಲವು ಸಾಫ್ಟ್‌ವೇರುಗಳಲ್ಲಿ ಕಾಯುತ್ತಾ ನಿಂತವರಿಗೆಲ್ಲ ಸಂದೇಶ ಒಂದೇ ಏಟಿಗೆ ಹೊರಟುಬಿಡುತ್ತದೆ. ಮತ್ತೆ ಒತ್ತುವ ಮುಂಚೆ ಒಳಗೆ ಎಷ್ಟು ಜನ ಕಾಯುತ್ತಿದ್ದಾರೆ ಎಂಬ ಸಂಖ್ಯೆ ನೋಡಿ, ಹಬ್ಬ ಮುಗಿದಿದ್ದರೆ ಅವರೆಲ್ಲರನ್ನೂ ಕೈಯಾರೆ ಹೊರಗೆ ಹಾಕಿ.